ನಮ್ಮ ಹೊಲದ ಹೂವಿನ ಊರು ಯಾವುದು? ಗಿಡದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ ಕಥೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಓಣಂ ಹತ್ತಿರ ಬಂದಾಗ ಗುಂಡ್ಲುಪೇಟೆ ಕಡೆ ಹೊಲಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತೇ ಇದೆ. 766ನೇ ಹೆದ್ದಾರಿಯ ಎರಡೂ ಕಡೆ ಚೆಂಡು ಹೂವು, ಸೂರ್ಯಕಾಂತಿ. ಕೇರಳದ ಕಾರುಗಳು ಸಾಲಾಗಿ ನಿಂತಿರುತ್ತವೆ. ಜನ ಹೊಲಕ್ಕೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಒಂದು ಫೋಟೋ ತೆಗೆದು ಪತ್ರಿಕೆಗೆ ಕಳಿಸಿದೆ. ಕೆಳಗೆ ಎರಡು ಸಾಲು ಬರೆದೆ: ನಮ್ಮ ನೆಲದಲ್ಲೇ ಹುಟ್ಟಿದ ಚೆಂಡು ಹೂವಿಗೆ ಈಗ ನೆರೆ ರಾಜ್ಯದವರ ಮೆಚ್ಚುಗೆ ಅಂತ.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ತೆರಕಣಾಂಬಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು.

"ಏನಪ್ಪಾ, ಚೆಂಡು ಹೂವು ನಮ್ಮ ನೆಲದಲ್ಲಿ ಹುಟ್ಟಿದ್ದು ಅಂತ ಯಾರ್ ಹೇಳುದ್ರು ನಿಂಗೆ?"

"ಎಲ್ಲಾ ಹಬ್ಬಕ್ಕೂ ಕಟ್ತೀವಲ್ಲ ಸಾ. ಆಯುಧಪೂಜೆಗೆ, ದೀಪಾವಳಿಗೆ..."

"ಕಟ್ಟುದ್ರೆ ನಮ್ದಾಗೋಯ್ತಾ? ಅದು ಮೆಕ್ಸಿಕೋ ದೇಶದ್ದು. ಓದ್ಕೊಂಡು ಬರೀಬೇಕಪ್ಪ. ಬಾ ಮನೆಗೆ, ಒಂದು ಪುಸ್ತಕ ಕೊಡ್ತೀನಿ."

ಹೋದೆ. ಬೈದು ಕಳಿಸುತ್ತಾರೆ ಅಂದುಕೊಂಡಿದ್ದೆ. ಕಾಫಿ ಕೊಟ್ಟು, ಹಳೇ ಪೇಪರಿನ ರಟ್ಟು ಹಾಕಿದ ಎರಡು ಪುಸ್ತಕ ಕೈಗಿಟ್ಟರು. ಒಂದು 'ಹಸುರು ಹೊನ್ನು', ಇನ್ನೊಂದು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಎರಡನ್ನೂ ಬರೆದವರು ಬಿ.ಜಿ.ಎಲ್. ಸ್ವಾಮಿ. ಡಿಪ್ಲೊಮಾ ಓದುವಾಗ ಪರೀಕ್ಷೆಗೆ ಅಂತ ಈ ಹೆಸರನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ. ಪುಸ್ತಕ ತೆರೆದಿರಲಿಲ್ಲ.

ಓದಿದ ಮೇಲೆ, ಈ ಮನುಷ್ಯ ಯಾರು, ನಮ್ಮಂಥ ಊರಿನವರಿಗೆ ಯಾಕೆ ಬೇಕು ಅಂತ ಬರೆಯಬೇಕು ಅನ್ನಿಸಿತು. ಅದಕ್ಕೇ ಈ ಲೇಖನ.

ಡಿವಿಜಿ ಮಗ

ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪ, ಅಂದರೆ 'ಮಂಕುತಿಮ್ಮನ ಕಗ್ಗ'ದ ಡಿವಿಜಿ. ನಮ್ಮ ಹಳ್ಳಿಗಳಲ್ಲಿ ಪುಸ್ತಕ ಮುಟ್ಟದವರೂ ಕಗ್ಗದ ಒಂದೆರಡು ಸಾಲು ಹೇಳುತ್ತಾರೆ. ಅಂಥ ಅಪ್ಪನ ಮಗ.

ಡಿವಿಜಿ ಪತ್ರಕರ್ತರು, ಕವಿ, ಸಾರ್ವಜನಿಕ ಕೆಲಸದ ಮನುಷ್ಯ. ಮನೆಯಲ್ಲಿ ಪುಸ್ತಕ ಇತ್ತು, ವಿದ್ವಾಂಸರು ಬಂದು ಹೋಗುತ್ತಿದ್ದರು. ಹುಡುಗ ಸಂಸ್ಕೃತವನ್ನೋ ಕನ್ನಡವನ್ನೋ ಹಿಡಿದು ಅಪ್ಪನ ದಾರಿಯಲ್ಲೇ ಹೋಗಬಹುದಿತ್ತು. ಅವರು ಹಿಡಿದದ್ದು ಗಿಡವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಸಂಶೋಧನೆಗೆ ಇಳಿದು ಡಾಕ್ಟರೇಟ್ ಪಡೆದರು.

ಅವರ ಮೊದಲ ದೊಡ್ಡ ಕೆಲಸ ಆರ್ಕಿಡ್‌ಗಳ ಮೇಲೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಮರದ ಕೊಂಬೆ ಮೇಲೆ ಅಂಟಿಕೊಂಡು ಗೊಂಚಲು ಹೂ ಬಿಡುವ ಗಿಡ ನೋಡಿರುತ್ತೀರಿ. ಸೀತಾಳೆ ದಂಡೆ ಆ ಜಾತಿಯದ್ದೇ. ಇವುಗಳ ಬೀಜ ಮೂಗುಪುಡಿಗಿಂತ ಸಣ್ಣ. ರಾಗಿ ಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುತ್ತದಲ್ಲ, ಆರ್ಕಿಡ್ ಬೀಜದಲ್ಲಿ ಅದು ಇಲ್ಲ. ಒಂದು ಬಗೆಯ ಶಿಲೀಂಧ್ರ ಬಂದು ಊಟ ಕೊಟ್ಟರೆ ಮಾತ್ರ ಮೊಳೆಯುತ್ತದೆ. ಇಂಥ ಗಿಡದ ಹೂವಿನೊಳಗೆ ಬೀಜ ಹೇಗೆ ಕಟ್ಟುತ್ತದೆ, ಭ್ರೂಣ ಹೇಗೆ ಬೆಳೆಯುತ್ತದೆ ಅಂತ ಸ್ವಾಮಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಒಂದಾದ ಮೇಲೊಂದು ಲೇಖನ ಬರೆದರು. 1949ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂದ ಅವರ ದೊಡ್ಡ ಲೇಖನವನ್ನು ಆರ್ಕಿಡ್ ಓದುವವರು ಇವತ್ತಿಗೂ ಹುಡುಕಿ ಓದುತ್ತಾರೆ.

ಹಾರ್ವರ್ಡ್‌ನಲ್ಲಿ

ಅಲ್ಲಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ. ಅಲ್ಲಿ ಅವರು ಕೆಲಸ ಮಾಡಿದ್ದು ಇರ್ವಿಂಗ್ ಬೈಲಿ ಎಂಬ ವಿಜ್ಞಾನಿಯ ಜೊತೆ. ಹೂ ಬಿಡುವ ಗಿಡಗಳು ಭೂಮಿ ಮೇಲೆ ಮೊದಲು ಹೇಗಿದ್ದವು ಅನ್ನೋದು ಅವರಿಬ್ಬರ ಪ್ರಶ್ನೆ.

ಹೂ ಬಿಡುವ ಹೆಚ್ಚಿನ ಮರಗಿಡಗಳ ಕಾಂಡದಲ್ಲಿ ನೀರು ಮೇಲೇರಲು ಸಣ್ಣ ಸಣ್ಣ ಕೊಳವೆಗಳಿರುತ್ತವೆ, ನಮ್ಮ ಡ್ರಿಪ್ ಪೈಪಿನ ಹಾಗೆ. ಸಾರ್ಕಾಂಡ್ರ ಎಂಬ ಗಿಡದಲ್ಲಿ ಅಂಥ ಕೊಳವೆಯೇ ಇಲ್ಲ, ಅದು ಬಹಳ ಹಳೇ ಕಾಲದ ರಚನೆ ಉಳಿಸಿಕೊಂಡಿದೆ ಅಂತ ಇಬ್ಬರೂ ಸೇರಿ 1950ರಲ್ಲಿ ಬರೆದರು. ಆಗ ಅದು ದೊಡ್ಡ ಸುದ್ದಿ. ಮುಂದೆ 1980ರ ದಶಕದಲ್ಲಿ ಬೇರೆ ವಿಜ್ಞಾನಿಗಳು ಮತ್ತೆ ನೋಡಿ, ಅಲ್ಲಲ್ಲಿ ಕೊಳವೆ ಇದೆ ಅಂತ ತಿದ್ದಿದರು. ವಿಜ್ಞಾನದಲ್ಲಿ ಇದು ಮಾಮೂಲು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಯಾರಿಗೂ ಅವಮಾನ ಇಲ್ಲ. ಮೇಷ್ಟ್ರ ಫೋನ್ ನೆನಪಾಗಿ ನನಗೆ ಸ್ವಲ್ಪ ಸಮಾಧಾನ ಆಯಿತು.

ಸ್ವಾಮಿ ತಾವು ಗುರುತಿಸಿದ ಒಂದು ಗಿಡಕ್ಕೆ ಬೈಲಿ ಹೆಸರನ್ನೂ, ಇನ್ನೊಂದಕ್ಕೆ ದೆಹಲಿಯ ಹೆಸರಾಂತ ಸಸ್ಯವಿಜ್ಞಾನಿ ಪಂಚಾನನ ಮಹೇಶ್ವರಿ ಅವರ ಹೆಸರನ್ನೂ ಇಟ್ಟರು. ನಾವು ಹೊಲದ ಬಾವಿಗೆ ತಾತನ ಹೆಸರು ಇಟ್ಟುಕೊಳ್ಳುವ ಹಾಗೆ.

ಅಮೆರಿಕದಲ್ಲೇ ಉಳಿಯಬಹುದಿತ್ತು. ವಾಪಸ್ ಬಂದರು. 1950ರ ದಶಕದಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಪಾಠ ಹೇಳಿ, ಪ್ರಾಂಶುಪಾಲರೂ ಆದರು.

ಪಾಠ ಕಾಡಿನಲ್ಲಿ

ವಿಜ್ಞಾನಿಯಾಗಿ ಅವರು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಅದು ವಿಜ್ಞಾನಿಗಳಿಗೆ. ಕನ್ನಡದಲ್ಲಿ ಬರೆದದ್ದು ನಮಗೆ.

ವರ್ಷ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಕಾಡುಗಳಿಗೆ ಹೋಗುತ್ತಿದ್ದರು. ಗಿಡ ಕಿತ್ತು, ಒಣಗಿಸಿ, ಹೆಸರು ಹಚ್ಚಿ, ಹಾಳೆಗೆ ಅಂಟಿಸುವ ಪ್ರವಾಸ. ಹುಡುಗರ ತರಲೆ, ಜಿಗಣೆ, ಮಳೆ, ಸರಿಯಾದ ಊಟ ಇಲ್ಲದ ಬಂಗಲೆ, ಗಿಡದ ಹೆಸರು ಹೇಳಲಾರದೆ ತೊದಲುವ ವಿದ್ಯಾರ್ಥಿ, ಇವೆಲ್ಲದರ ನಡುವೆ ಒಂದೊಂದು ಗಿಡದ ಕಥೆ. ಇದೇ 'ಹಸುರು ಹೊನ್ನು'. 1976ರಲ್ಲಿ ಬಂತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಅದಕ್ಕೆ ಹನ್ನೊಂದು ವರ್ಷ ಮೊದಲು, 1967ರಲ್ಲಿ, ಇದೇ ಪ್ರಶಸ್ತಿ ಅಪ್ಪ ಡಿವಿಜಿಗೆ ಬಂದಿತ್ತು. ಅಪ್ಪನಿಗೆ ಗೀತೆಯ ಬಗ್ಗೆ ಬರೆದದ್ದಕ್ಕೆ, ಮಗನಿಗೆ ಗಿಡದ ಬಗ್ಗೆ ಬರೆದದ್ದಕ್ಕೆ.

ಪುಸ್ತಕದಲ್ಲಿ ಗಿಡಗಳ ಚಿತ್ರ ಇವೆ. ಅವನ್ನು ಬರೆದವರೂ ಸ್ವಾಮಿಯೇ. ಎಲೆ ಹೇಗೆ ಕೂತಿದೆ, ಕಾಯಿ ಹೇಗೆ ಸೀಳಿದೆ ಅನ್ನೋದು ಒಂದೊಂದು ಗೆರೆಯಲ್ಲಿ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆಯುವ ನನ್ನಂಥವನಿಗೆ ಒಂದು ವಿಷಯ ಹೊಳೆಯಿತು: ಚಿತ್ರ ಬರೆಯಬೇಕಾದರೆ ಆ ಗಿಡವನ್ನು ಅರ್ಧ ಗಂಟೆಯಾದರೂ ನೋಡಲೇಬೇಕು. ನಾನು ಚೆಂಡು ಹೂವಿನ ಹೊಲವನ್ನು ನೋಡಿದ್ದು ಅರ್ಧ ನಿಮಿಷ.

ಮದ್ರಾಸಿನ ಕಾಲೇಜು ದಿನಗಳ ಬಗ್ಗೆ 'ಕಾಲೇಜು ರಂಗ', 'ತಮಿಳು ತಲೆಗಳ ನಡುವೆ' ಅಂತ ಬೇರೆ ಪುಸ್ತಕಗಳಿವೆ. ಅಲ್ಲಿ ಅವರ ನಾಲಿಗೆ ಚೂಪು. ಗಡಿಯಲ್ಲಿ ತಮಿಳರ ಜೊತೆ ಕೊಡು ಕೊಳ್ಳುವಿಕೆ ಇಟ್ಟುಕೊಂಡಿರುವ ನಮಗೆ ಎಲ್ಲ ಮಾತೂ ಒಪ್ಪಿಗೆ ಆಗಬೇಕು ಅಂತೇನಿಲ್ಲ. ಆದರೆ ಸ್ವಾಮಿ ಸಾಕ್ಷಿ ಇಲ್ಲದ ಬಡಾಯಿಯನ್ನು ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ನನ್ನ ಎರಡು ಸಾಲನ್ನು ನೋಡಿದ್ದರೆ ನನ್ನನ್ನೂ ಬಿಡುತ್ತಿರಲಿಲ್ಲ.

ನಮ್ಮ ಹೊಟ್ಟೆಗೆ ಬಂದ ದೂರದ ದೇಶ

ಎರಡನೇ ಪುಸ್ತಕದ ಹೆಸರಲ್ಲೇ ವಿಷಯ ಇದೆ. ನಾವು ದಿನಾ ತಿನ್ನುವ ಎಷ್ಟೋ ಕಾಯಿ, ಹಣ್ಣು, ಗೆಡ್ಡೆಗಳ ತವರು ದಕ್ಷಿಣ ಅಮೆರಿಕ. ನಮ್ಮದು ಅಂದುಕೊಂಡು ತಿನ್ನುತ್ತಿದ್ದೇವೆ.

ಒಂದು ದಿನ ತರಕಾರಿ ಮಾರುಕಟ್ಟೆಗೆ ಹೋದಾಗ ಈ ಕಣ್ಣಿನಲ್ಲೇ ನೋಡಿದೆ. ಟೊಮೆಟೊ: ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಸೀಮೆಯದ್ದು. ಆಲೂಗಡ್ಡೆ: ಅದೇ ಬೆಟ್ಟಗಳದ್ದು. ಹಸಿಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ: ಅಮೆರಿಕ ಖಂಡದ್ದು. ಹುರುಳಿಕಾಯಿ, ಅಂದರೆ ಬೀನ್ಸ್: ಅಲ್ಲಿಯದ್ದೇ. ಮುಸುಕಿನ ಜೋಳ: ಮೆಕ್ಸಿಕೋ. ಕಡಲೆಕಾಯಿ: ದಕ್ಷಿಣ ಅಮೆರಿಕ. ಗೆಣಸು, ಮರಗೆಣಸು, ಸೀಬೆ, ಪರಂಗಿ, ಅನಾನಸ್, ಸೀತಾಫಲ, ಗೋಡಂಬಿ, ಕುಂಬಳ ಜಾತಿಯ ಸಿಹಿಗುಂಬಳ: ಎಲ್ಲವೂ ಅದೇ ಕಡೆಯಿಂದ ಬಂದವು. ಇವನ್ನೆಲ್ಲ ತೆಗೆದಿಟ್ಟರೆ ನಮ್ಮ ಕ್ರೇಟುಗಳಲ್ಲಿ ಉಳಿಯೋದು ಬದನೆ, ಹಾಗಲ, ಹೀರೆ, ಬೂದುಗುಂಬಳ, ಇನ್ನೊಂದಷ್ಟು.

ಬಂದದ್ದು ಹೇಗೆ? 1492ರಲ್ಲಿ ಕೊಲಂಬಸ್ ಹಡಗು ಅಮೆರಿಕ ಮುಟ್ಟಿತು. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕೋಡಿಗೆ ಬಂದ. ನಮ್ಮ ಗುಂಡ್ಲುಪೇಟೆ ಬಸ್ಸು ಹೋಗುತ್ತದಲ್ಲ, ಅದೇ ಕೋಳಿಕೋಡು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಬ್ರೆಜಿಲ್ ಕೂಡ ಅವರ ಕೈಯಲ್ಲಿತ್ತು. ಒಂದೇ ರಾಜನ ಹಡಗುಗಳು ಎರಡೂ ಕಡೆ ಓಡಾಡಿದಾಗ ಬೀಜ, ಗೆಡ್ಡೆ, ಸಸಿ ಜೊತೆಯಲ್ಲೇ ಬಂದವು. ಆಮೇಲೆ ಬ್ರಿಟಿಷರ ಕಾಲದಲ್ಲಿ ಲಾಲ್‌ಬಾಗಿನಂಥ ತೋಟಗಳ ಮೂಲಕ ಇನ್ನಷ್ಟು ತರಕಾರಿ, ಹೂವು ಹಬ್ಬಿದವು.

ನಮ್ಮ ಮಾತಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಪರಂಗಿ ಹಣ್ಣು ಅಂತೀವಿ. ಪರಂಗಿ ಅಂದರೆ ಫಿರಂಗಿ, ಅಂದರೆ ವಿದೇಶಿ ಬಿಳಿಯ. ಮಲಯಾಳದಲ್ಲಿ ಗೋಡಂಬಿ ಮರಕ್ಕೆ ಪರಂಗಿಮಾವು ಅನ್ನುವ ಹೆಸರಿದೆ. ಸೀಮೆಬದನೆ, ಸೀಮೆಹುಣಸೆ ಅಂತೀವಿ. ಸೀಮೆಎಣ್ಣೆಯ ಸೀಮೆಯೇ ಅದು, ದೂರದ ದೇಶದಿಂದ ಬಂದದ್ದು ಅಂತ ಅರ್ಥ. ತಮಾಷೆ ನೋಡಿ, ನಾವು ಸೀಮೆಬದನೆ ಅನ್ನೋದನ್ನು ಗಡಿ ದಾಟಿದರೆ ತಮಿಳರು ಬೆಂಗಳೂರು ಕತ್ತರಿಕಾಯಿ ಅಂತಾರೆ. ಅವರಿಗೆ ಅದು ಬೆಂಗಳೂರಿನಿಂದ ಬಂತು. ಬೆಂಗಳೂರಿಗೆ ಬಂದದ್ದು ಮೆಕ್ಸಿಕೋ ಕಡೆಯಿಂದ.

ಮೆಣಸಿನಕಾಯಿ ಬರುವ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಹೊಸ ಕಾಯಿಗೂ ಹಳೇ ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಅಂದರು ನಮ್ಮ ಹಿರಿಯರು. ಊರಿಗೆ ಬಂದ ಸೊಸೆಗೆ ಮನೆ ಹೆಸರು ಕೊಟ್ಟ ಹಾಗೆ.

ಹೋಗಲಿ, ರಾಗಿಯಾದರೂ ನಮ್ಮದಲ್ಲವಾ ಅಂತ ಮೇಷ್ಟ್ರನ್ನು ಕೇಳಿದೆ. ನಕ್ಕರು. ರಾಗಿಯ ತವರು ಆಫ್ರಿಕಾ, ಇಥಿಯೋಪಿಯಾ ಕಡೆಯ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಬಂತು. ಹುಣಸೆಯೂ ಆಫ್ರಿಕಾದ್ದೇ.

"ಹಂಗಾದ್ರೆ ನಮ್ದು ಅಂತ ಏನೈತೆ ಸಾ?" ಅಂದೆ.

"ಬೆಳೆಯದು ನಮ್ದು. ಕಾಲ ಕಾಲಕ್ಕೆ ಬೀಜ ಎತ್ತಿಟ್ಟದ್ದು ನಮ್ದು. ಮುದ್ದೆ ಮಾಡದು ಕಲ್ತದ್ದು ನಮ್ದು. ಸಾಲ್ದಾ?" ಅಂದರು.

ಚೆಂಡು ಹೂವಿನ ಊರು

ಇನ್ನು ನಾನು ತಪ್ಪು ಬರೆದ ಹೂವು. ಮೆಕ್ಸಿಕೋದಲ್ಲಿ ಬಿಳಿಯರು ಬರುವ ಮುಂಚಿನಿಂದಲೂ ಚೆಂಡು ಹೂವು ಪೂಜೆಯ ಹೂವು, ಔಷಧದ ಹೂವು. ಅಲ್ಲಿ ಪ್ರತಿ ವರ್ಷ ನವೆಂಬರ್ 1 ಮತ್ತು 2ರಂದು ಸತ್ತ ಹಿರಿಯರನ್ನು ನೆನೆಯುತ್ತಾರೆ. ಮನೆಯಲ್ಲಿ ಎಡೆ ಇಡುತ್ತಾರೆ, ಸಮಾಧಿಗೆ ಚೆಂಡು ಹೂವು ಹಾಕುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಮನೆಗೆ ಬರುತ್ತಾರೆ ಅನ್ನೋದು ಅವರ ನಂಬಿಕೆ. ನಮ್ಮ ಮಾರ್ನಮಿ ಅಮಾವಾಸ್ಯೆಗೆ ಎಷ್ಟು ಹತ್ತಿರ ಅಲ್ಲವಾ?

ನಮ್ಮಲ್ಲಿ ಈಗ ಆ ಹೂವಿನ ಒಂದು ಪಾಲು ಓಣಂ ಪೂಕಳಂಗೆ, ಹಾರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಕಾರ್ಖಾನೆಗೆ. ಎಸಳನ್ನು ಒಣಗಿಸಿ ಲೂಟಿನ್ ಎಂಬ ಹಳದಿ ಬಣ್ಣದ ಸಾರ ತೆಗೆಯುತ್ತಾರೆ. ಕೋಳಿ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಭಂಡಾರ ಹಳದಿಯಾಗುತ್ತದೆ, ಕಣ್ಣಿನ ಮಾತ್ರೆಗೂ ಹಾಕುತ್ತಾರೆ. ಹೊರದೇಶಕ್ಕೂ ಹೋಗುತ್ತದೆ. ಹೂ ಕೀಳುವ ಒಬ್ಬ ಅಕ್ಕನಿಗೆ ಇದನ್ನು ಹೇಳಿದೆ. "ನಾವು ಬಗ್ಗಿ ಬಗ್ಗಿ ಕೀಳದು ಯಾವ್ದೋ ದೇಸದ ಕೋಳಿಗಾ?" ಅಂತ ಸೊಂಟ ಹಿಡಿದುಕೊಂಡು ನಕ್ಕರು.

ಸೂರ್ಯಕಾಂತಿಯೂ ಅಮೆರಿಕದ್ದೇ, ಉತ್ತರದ್ದು. ಎಣ್ಣೆ ಬೆಳೆಯಾಗಿ ಅದನ್ನು ತಿದ್ದಿದ್ದು ರಷ್ಯಾದವರು. ಅಲ್ಲಿಂದ ಬಂದ ತಳಿಗಳೇ 1970ರ ದಶಕದಲ್ಲಿ ನಮ್ಮ ಕಡೆ ಹಬ್ಬಿದ್ದು.

ಚಂದಕ್ಕೆ ತಂದದ್ದು ಕಾಡು ತಿಂದಿತು

ಬಂದ ಗಿಡವೆಲ್ಲ ಒಳ್ಳೆಯದು ಮಾಡಲಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಎತ್ತ ನೋಡಿದರೂ ಲಂಟಾನ. ಇದೂ ಅಮೆರಿಕ ಖಂಡದ ಗಿಡ. 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವು ಚೆನ್ನಾಗಿದೆ ಅಂತ ತಂದರು. ಬೇಲಿಗೂ ನೆಟ್ಟರು. ಹಕ್ಕಿ ಹಣ್ಣು ತಿಂದು ಬೀಜ ಹರಡಿತು. ಈಗ ಅದರ ಕೆಳಗೆ ಹುಲ್ಲು ಬೆಳೆಯುತ್ತಿಲ್ಲ, ಜಿಂಕೆಗೆ ಮೇವಿಲ್ಲ.

ಸೋಲಿಗ ಹಿರಿಯರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಮುಂಚೆ ಬೇಸಿಗೆ ಶುರುವಿನಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಲಂಟಾನದ ಎಳೆ ಸಸಿ ಸುಟ್ಟು ಹೋಗುತ್ತಿತ್ತು, ಮರ ಉಳಿಯುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಏರಿತು ಅನ್ನೋದು ಅವರ ಮಾತು. ಸಂಶೋಧಕರೂ ಈ ಮಾತನ್ನು ದಾಖಲಿಸಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದ ಕೋಲಿನಲ್ಲಿ ಕುರ್ಚಿ, ಮೇಜು ಮಾಡುವುದನ್ನು ಕಲಿತವರಿದ್ದಾರೆ.

ಒಂದೇ ಗಿಡವನ್ನು ನಂಬಿದರೆ ಏನಾಗುತ್ತದೆ ಅನ್ನೋದಕ್ಕೂ ಚರಿತ್ರೆಯಲ್ಲಿ ಪಾಠ ಇದೆ. ಐರ್ಲೆಂಡ್ ದೇಶದ ಬಡವರು ಹೆಚ್ಚು ಕಡಿಮೆ ಒಂದೇ ಜಾತಿಯ ಆಲೂಗಡ್ಡೆ ನಂಬಿ ಬದುಕಿದ್ದರು. 1845ರಲ್ಲಿ ಅಂಗಮಾರಿ ರೋಗ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ರೋಗದಿಂದ ಸತ್ತರು. ಅಷ್ಟು ದೂರ ಯಾಕೆ, ಪಕ್ಕದ ನಂಜನಗೂಡಿನ ರಸಬಾಳೆಯನ್ನು ಪನಾಮ ಸೊರಗು ರೋಗ ಎಲ್ಲಿಗೆ ತಂದಿತು ಅಂತ ನಮಗೇ ಗೊತ್ತು.

ಅಜ್ಜಿ ಜೊತೆ ಹೋದ ಹೆಸರುಗಳು

ನಮ್ಮಪ್ಪ ಟೊಮೆಟೊ ಬೆಳೆಗಾರ. ಒಂದು ವರ್ಷ ಕ್ರೇಟಿಗೆ ಬಂದ ದುಡ್ಡು ಕೊಯ್ಲಿನ ಕೂಲಿಗೂ ಸಾಲದೆ, ಉಳಿದ ಹಣ್ಣನ್ನು ಹೊಲದಲ್ಲೇ ಬಿಟ್ಟರು. ಆ ವರ್ಷವೂ ಮನೆಯಲ್ಲಿ ಸಾರಿಗೆ ಕೊರತೆ ಆಗಲಿಲ್ಲ. ಕಾರಣ ನಮ್ಮಜ್ಜಿ. ಬದುವಿನ ಮೇಲೆ ಸುತ್ತಾಡಿ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಅಣ್ಣೆ, ಕೀರೆ, ಗೋಣಿ, ಹೊನಗೊನೆ, ಗಣಿಕೆ, ಕನ್ನೆ, ತಗಚೆ. ನನಗೆ ನೆನಪಿರೋದು ಈ ಏಳು. ಅಜ್ಜಿ ಇಪ್ಪತ್ತಕ್ಕೂ ಹೆಚ್ಚು ಹೆಸರು ಹೇಳುತ್ತಿದ್ದಳು. ಯಾವುದು ಎಳೆಯದಾಗಿದ್ದಾಗ ಮಾತ್ರ ತಿನ್ನಬೇಕು, ಯಾವುದು ಬಾಣಂತಿಗೆ ಬೇಡ ಅಂತೆಲ್ಲ ಗೊತ್ತಿತ್ತು.

ಅಜ್ಜಿ ತೀರಿಕೊಂಡು ಆರು ವರ್ಷ. ನಾನು ಡಿಪ್ಲೊಮಾ ಮಾಡಿದವನು, ಕೈಯಲ್ಲಿ ಫೋನು, ಜೇಬಲ್ಲಿ ಪೆನ್ನು. ಒಂದು ದಿನವೂ ಕೂತು ಅಷ್ಟೂ ಹೆಸರು ಬರೆದುಕೊಳ್ಳಲಿಲ್ಲ. ಈಗ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ. ಗಿಡವೂ ಇಲ್ಲ, ಹೆಸರು ಹೇಳುವವರೂ ಇಲ್ಲ.

ಸ್ವಾಮಿ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹಾರ್ವರ್ಡ್‌ವರೆಗೆ ಹೋಗಿ ಬಂದ ವಿಜ್ಞಾನಿ, ಗಿಡದ ಶಾಸ್ತ್ರದ ಹೆಸರಿನ ಜೊತೆ ಊರ ಜನರ ಹೆಸರನ್ನೂ ಬರೆದಿಡುತ್ತಾರೆ. ಹೆಸರು ಗೊತ್ತಿದ್ದರೆ ಗಿಡ ಕಣ್ಣಿಗೆ ಬೀಳುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲವೂ ಕಳೆ.

ನಿವೃತ್ತಿ ಆದ ಮೇಲೆ ಸ್ವಾಮಿ ಮೈಸೂರಿಗೆ ಬಂದು ಮಾನಸಗಂಗೋತ್ರಿಯಲ್ಲಿ ಕೆಲಸ ಮಾಡಿದರು. ನಮ್ಮ ಚಾಮರಾಜನಗರ ಆಗ ಮೈಸೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅಂದರೆ ಕೊನೆಗಾಲಕ್ಕೆ ಅವರು ನಮ್ಮ ಜಿಲ್ಲೆಯವರೇ. 1980ರ ನವೆಂಬರ್ 2ರಂದು ಮೈಸೂರಿನಲ್ಲಿ ತೀರಿಕೊಂಡರು. ವಯಸ್ಸು 62. ಮೆಕ್ಸಿಕೋದವರು ಹಿರಿಯರಿಗೆ ಚೆಂಡು ಹೂವು ಇಡುವ ದಿನವೂ ಅದೇ ಅಂತ ಮೇಷ್ಟ್ರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪುಸ್ತಕ ವಾಪಸ್ ತರದು ಮರೀಬೇಡ" ಅಂದರು.

ಇನ್ನೂ ವಾಪಸ್ ಕೊಟ್ಟಿಲ್ಲ. ಎರಡನೇ ಸಲ ಓದುತ್ತಿದ್ದೇನೆ. ಜೊತೆಗೆ ಒಂದು ನೋಟ್ ಬುಕ್ ಇಟ್ಟಿದ್ದೇನೆ. ಪಕ್ಕದ ಬೀದಿಯಲ್ಲಿ ನಮ್ಮಜ್ಜಿಯ ಓರಗೆಯವರೊಬ್ಬರು ಇದ್ದಾರೆ. ಭಾನುವಾರ ಬೆಳಿಗ್ಗೆ ಅವರ ಜೊತೆ ಬದುವಿಗೆ ಹೋಗುತ್ತೇನೆ. ಏಳಿದ್ದ ಸೊಪ್ಪಿನ ಹೆಸರು ಈಗ ಹದಿಮೂರಾಗಿದೆ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ. ಮಾರ್ನಮಿ ತನಕ ಕಾಯಬೇಡಿ.